ಕೋಠಿಯ ಬಿಳಿ ಬಂಗಲೆ ಮತ್ತು ಖೈರುನ್ನೀಸಾ

ಅಂತಸ್ತು ಮೀರಿದ ಪ್ರೇಮದ ಮಾತು ಬಂದರೆ ಬ್ರೆಜಿಲ್‌ನ ಧಾರಾವಾಹಿಗಳ ಹೆಸರು ಬರುತ್ತದೆ. 1976ರಲ್ಲಿ ಅಲ್ಲಿನ ಗ್ಲೋಬೊ ಟಿವಿ ತೋರಿಸಿದ 'ಎಸ್ಕ್ರಾವಾ ಇಸೌರಾ' ಒಬ್ಬ ಗುಲಾಮ ಹೆಣ್ಣಿನ ಕಥೆ. ಅದು ಚೀನಾದವರೆಗೂ ಹೋಗಿ ಜನರನ್ನು ಅಳಿಸಿತು. ನಮಗೆ ಅಷ್ಟು ದೂರದ ಪ್ರಯಾಣ ಬೇಡ. ಸುಲ್ತಾನ್ ಬಜಾರ್ ಮೆಟ್ರೋ ನಿಲ್ದಾಣದಲ್ಲಿ ಇಳಿದು, ಸೀರೆ ಅಂಗಡಿಗಳನ್ನೂ ಹಳೆಯ ಪಠ್ಯಪುಸ್ತಕಗಳ ರಾಶಿಯನ್ನೂ ದಾಟಿ ಕೋಠಿಯ ಮಹಿಳಾ ವಿಶ್ವವಿದ್ಯಾಲಯದ ಗೇಟಿಗೆ ಬಂದರೆ ಸಾಕು.

ಒಳಗಿರುವ ಬಿಳಿ ಬಂಗಲೆ ಹಿಂದೆ ಬ್ರಿಟಿಷ್ ರೆಸಿಡೆನ್ಸಿಯಾಗಿತ್ತು. ಅದನ್ನು ನಂಬಿ ಬೆಳೆದ ಪೇಟೆಗೆ ರೆಸಿಡೆನ್ಸಿ ಬಜಾರ್ ಎಂಬ ಹೆಸರಿತ್ತು. 1933ರಲ್ಲಿ ಬ್ರಿಟಿಷರು ಅದನ್ನು ನಿಜಾಮರಿಗೆ ಹಿಂತಿರುಗಿಸಿದ ಮೇಲೆ ಅದು ಸುಲ್ತಾನ್ ಬಜಾರ್ ಆಯಿತು.

ಬಂಗಲೆ ಕಟ್ಟಿಸಿದವನು ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್. 1764ರಲ್ಲಿ ಮದ್ರಾಸಿನಲ್ಲಿ ಹುಟ್ಟಿದವನು, 1798ರಿಂದ ಹೈದರಾಬಾದಿನ ರೆಸಿಡೆಂಟ್. ಕನ್ನಡಿಗರು ಈ ಹೆಸರನ್ನು ನೆನಪಿಡಬೇಕು, ಪ್ರೇಮಕಥೆಗಾಗಿ ಅಲ್ಲ. 1800ರ ಅಕ್ಟೋಬರ್‌ನಲ್ಲಿ ನಿಜಾಮನೊಡನೆ ಒಪ್ಪಂದಕ್ಕೆ ಕಂಪನಿಯ ಪರವಾಗಿ ಸಹಿ ಹಾಕಿದವನು ಇವನೇ. ಆ ಒಂದು ಸಹಿಯಿಂದ ಬಳ್ಳಾರಿ ಕಂಪನಿಯ ಪಾಲಾಯಿತು. ಮದ್ರಾಸಿನ ಕೈಯಲ್ಲಿದ್ದ ಆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಲು 1953ರವರೆಗೆ ಕಾಯಬೇಕಾಯಿತು. ರಾಯಚೂರು, ಕಲಬುರಗಿಯವರು ನಿಜಾಮರ ಪ್ರಜೆಗಳಾಗಿಯೇ ಉಳಿದರು.

ಇದೇ ಮನುಷ್ಯ ಆ ದಿನಗಳಲ್ಲೇ ಒಂದು ಗುಟ್ಟನ್ನು ಬಚ್ಚಿಟ್ಟುಕೊಂಡಿದ್ದ. ಖೈರುನ್ನೀಸಾ ಸೈಯದ್ ಮನೆತನದ ಹುಡುಗಿ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ನಿಜಾಮನ ಸೈನ್ಯ ಕರೆದೊಯ್ದ ಮೀರ್ ಆಲಂ ಆಕೆಗೆ ಹತ್ತಿರದ ಬಂಧು. ಆಕೆಗೆ ಬೇರೆ ಕಡೆ ಸಂಬಂಧವೂ ಗೊತ್ತಾಗಿತ್ತು. ಅಕ್ಕನ ಮದುವೆಯಲ್ಲಿ ಪರದೆಯ ಹಿಂದಿನಿಂದ ಈ ಬಿಳಿಯನನ್ನು ನೋಡಿ ಮನಸೋತಳಂತೆ. ಪೈಗಂಬರರ ವಂಶವೆಂದು ಹೇಳಿಕೊಳ್ಳುವ ಮನೆಯವರಿಗೆ ಕಂಪನಿಯ ನೌಕರ ಅಳಿಯನಾಗುವುದು ಅವಮಾನ. ಕಲ್ಕತ್ತೆಯ ದೊರೆಗಳಿಗೆ ತಮ್ಮ ರೆಸಿಡೆಂಟ್ 'ನೇಟಿವ್' ಮನೆಗೆ ಅಳಿಯನಾಗುವುದು ಇನ್ನೊಂದು ಅವಮಾನ. ಯಾರು ಮೇಲು, ಯಾರು ಕೀಳು ಎಂಬ ಲೆಕ್ಕವನ್ನು ಎರಡು ಕಡೆಯವರೂ ತಮ್ಮ ತಮ್ಮ ತಕ್ಕಡಿಯಲ್ಲೇ ತೂಗಿದರು.

ಆತ ಇಸ್ಲಾಂ ಸ್ವೀಕರಿಸಿ ನಿಕಾಹ್ ಮಾಡಿಕೊಂಡ. ಮೇಲಧಿಕಾರಿಗಳಿಗೆ ಹೇಳಲಿಲ್ಲ. ಸುದ್ದಿ ನಿಲ್ಲುತ್ತದೆಯೇ? ಗವರ್ನರ್ ಜನರಲ್ ವೆಲ್ಲೆಸ್ಲಿ ವಿಚಾರಣೆ ನಡೆಸಿದ. ಹೇಗೋ ನೌಕರಿ ಉಳಿಯಿತು. 1801ರಲ್ಲಿ ಮಗ, 1802ರಲ್ಲಿ ಮಗಳು. ಸಾಹಿಬ್ ಆಲಂ, ಸಾಹಿಬ್ ಬೇಗಂ.

ಇದನ್ನು ಅಮರ ಪ್ರೇಮವೆಂದು ಹಾಡಿ ಹೊಗಳುವವರಿದ್ದಾರೆ. ವಿಲಿಯಂ ಡಾಲ್ರಿಂಪಲ್ ಅವರ 'ವೈಟ್ ಮೊಘಲ್ಸ್' 2002ರಲ್ಲಿ ಬಂದ ಮೇಲಂತೂ ಅದು ಜಗತ್ತಿಗೇ ಗೊತ್ತಾಯಿತು. ನನಗೆ ಮಾತ್ರ ಒಂದು ಮಾತು ಹೇಳಬೇಕೆನಿಸುತ್ತದೆ. ಆಗ ಹುಡುಗಿಗೆ ಸುಮಾರು 14 ವರ್ಷ, ಆತನಿಗೆ ಮೂವತ್ತು ದಾಟಿತ್ತು. ಆಕೆಯೇ ಹಟ ಹಿಡಿದು ಬಂದಳು ಎಂದು ಅಣ್ಣನಿಗೆ ಪತ್ರ ಬರೆದವನೂ ಆತನೇ. ಈ ಕಥೆಯ ಬಹುಪಾಲು ನಮಗೆ ತಿಳಿದಿರುವುದು ಗಂಡಸರ ಕಾಗದಗಳಿಂದ, ವಿಚಾರಣೆಯ ಕಡತಗಳಿಂದ.

1803ರ ಹೊತ್ತಿಗೆ ಬಂಗಲೆಯ ಕೆಲಸ ಶುರುವಾಯಿತು. ಜಾಗ ಕೇಳಲು ದೊಡ್ಡ ನಕ್ಷೆ ಹಿಡಿದುಕೊಂಡು ಹೋದಾಗ ನಿಜಾಮ ಒಲ್ಲೆ ಎಂದನಂತೆ. ಅದೇ ನಕ್ಷೆಯನ್ನು ಚಿಕ್ಕ ಕಾರ್ಡಿನ ಮೇಲೆ ಬರೆಸಿ ತಂದಾಗ ನಕ್ಕು ಒಪ್ಪಿದನಂತೆ! ಮುಂದೆ ಎತ್ತರದ ಕೊರಿಂಥಿಯನ್ ಕಂಬಗಳು, ಎರಡು ಸಿಂಹಗಳು. ಹಿಂದೆ ಬೇಗಂಗೆ ರಂಗ್ ಮಹಲ್. ಪರದೆಯಲ್ಲಿದ್ದ ಆಕೆ ಬಂಗಲೆಯ ಮುಂಭಾಗವನ್ನು ನೋಡುವಂತಿರಲಿಲ್ಲ, ಅದಕ್ಕೇ ತೋಟದಲ್ಲಿ ಅದರ ಪುಟ್ಟ ಪ್ರತಿಕೃತಿ ಕಟ್ಟಿಸಿಕೊಟ್ಟ ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ.

1805 ಎಲ್ಲವನ್ನೂ ಮುರಿಯಿತು. ಮಕ್ಕಳನ್ನು ಓದಿಗೆಂದು ಇಂಗ್ಲೆಂಡಿಗೆ ಕಳಿಸಿದರು. ಮದ್ರಾಸಿನಲ್ಲಿ ಜಾರ್ಜ್ ಚಿನ್ನರಿ ಅವರಿಬ್ಬರ ಚಿತ್ರ ಬರೆದ, ಹೈದರಾಬಾದಿ ಉಡುಪಿನಲ್ಲೇ. ಅದೇ ಅಕ್ಟೋಬರ್ 15ರಂದು ಕರ್ಕ್‌ಪ್ಯಾಟ್ರಿಕ್ ಕಲ್ಕತ್ತೆಯಲ್ಲಿ ತೀರಿಕೊಂಡ. ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಬ್ಯಾಪ್ಟಿಸಂ ಆಗಿ ವಿಲಿಯಂ, ಕ್ಯಾಥರೀನ್ ಎಂಬ ಹೆಸರು ಬಿತ್ತು. ತಾಯಿ ಮತ್ತೆ ಮಕ್ಕಳ ಮುಖ ನೋಡಲಿಲ್ಲ.

ಹತ್ತೊಂಬತ್ತರ ವಿಧವೆಗೆ ಆಸರೆಯಾದವನು ಗಂಡನ ಸಹಾಯಕನಾಗಿದ್ದ ಹೆನ್ರಿ ರಸೆಲ್. ಆಸರೆ ಪ್ರೇಮವಾಯಿತು. ಕೊನೆಗೆ ಆಕೆಯನ್ನು ಮಚಲೀಪಟ್ಟಣದಲ್ಲಿ ಬಿಟ್ಟು ಬೇರೊಬ್ಬಳನ್ನು ಮದುವೆಯಾದ. ಮುಂದೆ ಹೈದರಾಬಾದಿಗೆ ತಾನೇ ರೆಸಿಡೆಂಟ್ ಆಗಿ ಬಂದ. ಖೈರುನ್ನೀಸಾ 1813ರಲ್ಲಿ ಹೈದರಾಬಾದಿನಲ್ಲಿ ಕಣ್ಣು ಮುಚ್ಚಿದಾಗ ವಯಸ್ಸು ಮೂವತ್ತೂ ಆಗಿರಲಿಲ್ಲ.

ಮಗಳ ಬದುಕಿನಲ್ಲಿ ತಾಯಿಯ ಕಥೆ ತಿರುವುಮುರುವಾಗಿ ಬಂತು. 1824ರಲ್ಲಿ ಥಾಮಸ್ ಕಾರ್ಲೈಲ್ ಎಂಬ ಬಡ ಮನೆಪಾಠದ ಮೇಷ್ಟ್ರು ಕಿಟ್ಟಿಯನ್ನು ಕಂಡು ಮೆಚ್ಚಿದ. ಆಸ್ತಿವಂತ ಹುಡುಗಿಗೆ ಮೇಷ್ಟ್ರು ಸರಿಜೋಡಿಯೇ? ಆಕೆ ಸೈನ್ಯದ ಕ್ಯಾಪ್ಟನ್ ಒಬ್ಬನನ್ನು ಕೈಹಿಡಿದಳು. ಕಾರ್ಲೈಲ್‌ನ 'ಸಾರ್ಟರ್ ರಿಸಾರ್ಟಸ್'ನ ಬ್ಲೂಮಿನ್ ಈಕೆಯೇ ಎನ್ನುತ್ತಾರೆ.

ಚಿನ್ನರಿಯ ಆ ಚಿತ್ರ ರಸೆಲ್‌ನ ಮನೆಯ ಗೋಡೆ ಸೇರಿತ್ತು. ಮಧ್ಯವಯಸ್ಸಿನಲ್ಲಿ ಕಿಟ್ಟಿ ಅಲ್ಲಿ ಅದನ್ನು ಕಂಡು ಅತ್ತಳು. ಆಮೇಲೆ ತಿಳಿಯಿತು, ಅಜ್ಜಿ ಶರಫುನ್ನೀಸಾ ಹೈದರಾಬಾದಿನಲ್ಲಿ ಇನ್ನೂ ಬದುಕಿದ್ದಾಳೆಂದು. ಮೊಮ್ಮಗಳು ಇಂಗ್ಲಿಷಿನಲ್ಲಿ ಬರೆದಳು, ಅಜ್ಜಿ ಪಾರ್ಸಿಯಲ್ಲಿ ಉತ್ತರಿಸಿದಳು. ನಡುವೆ ಅನುವಾದ ಮಾಡಿ ಓದಿಹೇಳುವವರು ಬೇಕಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲೇ ಇಲ್ಲ. 1847ರಲ್ಲಿ ಅಜ್ಜಿ ತೀರಿಕೊಂಡಳು, ಕಿಟ್ಟಿ 1889ರಲ್ಲಿ.

ರಂಗ್ ಮಹಲನ್ನು 1860ರ ಹೊತ್ತಿಗೆ ಒಬ್ಬ ರೆಸಿಡೆಂಟ್ ಕೆಡವಿಸಿದ. ಅದು ನಡತೆಗೆಟ್ಟ ಕಾಲದ ಗುರುತೆಂದು ಅವನಿಗೆ ಕಂಡಿತ್ತು. 1949ರಲ್ಲಿ ಬಂಗಲೆಗೆ ಮಹಿಳಾ ಕಾಲೇಜು ಬಂತು. ಶಿಥಿಲವಾಗಿದ್ದ ಕಟ್ಟಡ ದುರಸ್ತಿಯಾಗಿ 2023ರಲ್ಲಿ ಮತ್ತೆ ತೆರೆಯಿತು. ಗಂಡಿನ ಬಂಗಲೆ ಸುಣ್ಣ ಬಳಿದುಕೊಂಡು ನಿಂತಿದೆ. ಹೆಣ್ಣಿನ ಮಹಲು ಇದ್ದ ಜಾಗವನ್ನು ಕೇಳಿಯೇ ತಿಳಿಯಬೇಕು.