‘ಸಾಕು’ ಎಂದು ತಿಳಿಯುವ ಬಗೆ

ಎದೆಹಾಲು ಬಿಡಿಸಿದ ಕೂಸುಗಳ ಮುಂದೆ ತಟ್ಟೆ ಇಟ್ಟು, ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬುದನ್ನು ಅವಕ್ಕೇ ಬಿಟ್ಟರೆ ಏನಾಗುತ್ತದೆ? ಅಮೆರಿಕದ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್ 1926ರಲ್ಲಿ ಇದನ್ನು ಪರೀಕ್ಷಿಸಿ ನೋಡಲು ಹೊರಟರು. ಕ್ಲೀವ್‌ಲ್ಯಾಂಡ್‌ನಲ್ಲಿ ಶುರುವಾಗಿ ಷಿಕಾಗೊದಲ್ಲಿ ಮುಂದುವರಿದ ಆ ಪ್ರಯೋಗದಲ್ಲಿ ಒಟ್ಟು 15 ಮಕ್ಕಳಿದ್ದರು. ಹಾಲು, ಮೊಟ್ಟೆ, ಮಾಂಸ, ಕಾಳು, ತರಕಾರಿ, ಹಣ್ಣು ಸೇರಿ 34 ಬಗೆಯ ಪದಾರ್ಥಗಳ ಪಟ್ಟಿ ಇತ್ತು. ದಾದಿಯರಿಗೆ ಕಟ್ಟಪ್ಪಣೆ: ಮಗು ಕೈಚಾಚಿದರೆ ಮಾತ್ರ ಚಮಚ ಎತ್ತಬೇಕು. ರಮಿಸಬಾರದು, ‘ಇದು ಒಳ್ಳೇದು ಪುಟ್ಟಾ’ ಎನ್ನಬಾರದು. ಬಾಯಿ ತೆರೆಯದಿದ್ದರೆ ಚಮಚ ಕೆಳಗಿಡಬೇಕು.

ಆ ಮಕ್ಕಳು ಉಣ್ಣುವ ರೀತಿ ಯಾವ ತಾಯಿಗಾದರೂ ಗಾಬರಿ ಹುಟ್ಟಿಸುವಂತಿತ್ತು. ಒಂದೊಂದು ಹೊತ್ತಿಗೆ ಒಂದೊಂದರ ಮೇಲೆ ಮನಸ್ಸು, ಒಂದು ದಿನದ ಊಟಕ್ಕೂ ಮರುದಿನದ ಊಟಕ್ಕೂ ತಾಳೆಯಿಲ್ಲ. ಆದರೆ ತಿಂಗಳುಗಟ್ಟಲೆ ಲೆಕ್ಕವಿಟ್ಟು ನೋಡಿದಾಗ ಎಲ್ಲವೂ ಗುಂಡುಗುಂಡಗೆ ಬೆಳೆದಿದ್ದವು. ಮೂಳೆ ಮೆತ್ತಗಾಗುವ ರಿಕೆಟ್ಸ್ ಇದ್ದ ಒಂದು ಮಗು ಕಾಡ್ ಮೀನಿನ ಎಣ್ಣೆಯನ್ನು ತಾನಾಗಿಯೇ ಕುಡಿಯುತ್ತಿತ್ತು. ಮೂಳೆ ಸರಿಹೋದ ಮೇಲೆ ಅದರತ್ತ ತಿರುಗಿಯೂ ನೋಡಲಿಲ್ಲ. 1939ರ ವರದಿಯಲ್ಲಿ ಡೇವಿಸ್ ಇನ್ನೊಂದು ಮಾತನ್ನೂ ಸೇರಿಸಿದರು. ಗುಟ್ಟು ಇದ್ದದ್ದು ಪಟ್ಟಿಯಲ್ಲಿ. ಸಕ್ಕರೆಯಾಗಲಿ ಡಬ್ಬಿಯ ತಿನಿಸಾಗಲಿ ಅದರಲ್ಲಿ ಇರಲಿಲ್ಲ. ಈ ಎಚ್ಚರಿಕೆಯ ಬೆಲೆ ತಿಳಿಯಲು ಮುಂದೆ 80 ವರ್ಷ ಬೇಕಾಯಿತು.

ಇಂದು ಮೈಂಡ್‌ಫುಲ್ ಈಟಿಂಗ್ ಎಂದು ಹೆಸರಾಗಿರುವ, ನಾನು ಅರಿವಿನ ಊಟ ಎನ್ನುವ ಕ್ಷೇತ್ರದ ಚರಿತ್ರೆಯನ್ನು ಧ್ಯಾನದಿಂದ ಶುರುಮಾಡುವುದು ವಾಡಿಕೆ. ನನಗೆ ಈ ಕೂಸುಗಳಿಂದ ಶುರುಮಾಡುವುದೇ ಸರಿ ಎನಿಸುತ್ತದೆ. ಹುಟ್ಟಿನಿಂದ ಬಂದ ‘ಸಾಕು’ ಎಂಬ ತಿಳಿವು ದೊಡ್ಡವರಾದಂತೆ ಎಲ್ಲಿ ಕಳೆದುಹೋಗುತ್ತದೆ ಎಂಬುದೇ ಈ ಕ್ಷೇತ್ರದ ಮೂಲಪ್ರಶ್ನೆ.

ಕಳೆದುಹೋಗುವ ಒಂದು ದಾರಿಯನ್ನು ತೋರಿಸಿದ್ದು ಎರಡನೇ ಮಹಾಯುದ್ಧ. ಯೂರೋಪಿನಲ್ಲಿ ಹಸಿದು ಕಂಗಾಲಾದವರಿಗೆ ಮತ್ತೆ ಊಟ ಕೊಡುವ ಸರಿಯಾದ ಕ್ರಮ ಯಾವುದೆಂದು ತಿಳಿಯಲು ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 1944ರಲ್ಲಿ 36 ಆರೋಗ್ಯವಂತ ಯುವಕರನ್ನು ಸೇರಿಸಿದರು. ಶಸ್ತ್ರ ಹಿಡಿಯಲು ಒಪ್ಪದೆ, ಈ ಬಗೆಯ ಸೇವೆಗೆ ತಾವಾಗಿ ಬಂದವರು ಅವರು. 24 ವಾರ ಅರೆಹೊಟ್ಟೆ: ಆಲೂಗಡ್ಡೆ, ಟರ್ನಿಪ್, ಬ್ರೆಡ್ಡು. ದೇಹದ ತೂಕದಲ್ಲಿ ಸುಮಾರು ಕಾಲುಭಾಗ ಇಳಿಯಿತು. ಅದಕ್ಕಿಂತ ಹೆಚ್ಚಾಗಿ ಬದಲಾದದ್ದು ಮನಸ್ಸು. ಅವರು ತಟ್ಟೆ ನೆಕ್ಕತೊಡಗಿದರು, ಊಟವನ್ನು ಗಂಟೆಗಟ್ಟಲೆ ಎಳೆಯತೊಡಗಿದರು. ಅಡುಗೆಯ ಗಂಧವೇ ಇಲ್ಲದಿದ್ದವರು ಅಡುಗೆ ಪುಸ್ತಕ ಕೂಡಿಟ್ಟರು. ಪ್ರಯೋಗ ಮುಗಿದು ಬೇಕಾದಷ್ಟು ಊಟ ಸಿಕ್ಕಾಗ ಹೊಟ್ಟೆ ಬಿರಿಯೆ ಉಂಡರೂ ಕೆಲವರಿಗೆ ಹಸಿವು ಹೋಗಲಿಲ್ಲ. ಇದೆಲ್ಲ 1950ರಲ್ಲಿ ಎರಡು ಬೃಹತ್ ಸಂಪುಟಗಳಾಗಿ ಬಂತು. ಡಯಟ್ ಮಾಡಿ ಸೋತು ತಮ್ಮನ್ನೇ ಹಳಿದುಕೊಳ್ಳುವ ಪ್ರತಿಯೊಬ್ಬರಿಗೂ ಈ ಯುವಕರ ಕತೆ ಗೊತ್ತಿರಬೇಕು. ಅದು ಮನೋಬಲದ ಕೊರತೆಯಲ್ಲ, ಹಸಿದ ದೇಹದ ಧರ್ಮ.

1975ರಲ್ಲಿ ಸಂಶೋಧಕರಾದ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಇದೇ ಸಂಗತಿಯನ್ನು ಚಿಕ್ಕದಾಗಿ ಪ್ರಯೋಗಶಾಲೆಗೆ ತಂದರು. ಕಾಲೇಜಿನ ಹುಡುಗಿಯರಿಗೆ ಮೊದಲು ಮಿಲ್ಕ್‌ಶೇಕ್, ಆಮೇಲೆ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಂ. ತಿನ್ನುವುದಕ್ಕೆ ಕಟ್ಟುಪಾಡು ಹಾಕಿಕೊಳ್ಳದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಂ ಕಡಿಮೆ ತಿಂದರು. ಸದಾ ಕಟ್ಟುಪಾಡಿನಲ್ಲಿದ್ದವರು ಹೆಚ್ಚು ತಿಂದರು. ‘ಹೇಗೂ ವ್ರತ ಕೆಟ್ಟಿತು, ಇನ್ನೇನು’ ಎಂಬ ಈ ಮನಃಸ್ಥಿತಿ ನಮಗೇನೂ ಹೊಸದಲ್ಲ. 1978ರಲ್ಲಿ ಲಂಡನ್ನಿನ ಮನೋಚಿಕಿತ್ಸಕಿ ಸೂಸಿ ಓರ್ಬ್ಯಾಕ್ ಈ ಸಮಸ್ಯೆಯನ್ನು ಹೆಣ್ಣಿನ ಬದುಕಿನ ಒಳಗಿಟ್ಟು ನೋಡಿದರು. ಅತಿಯಾಗಿ ತಿನ್ನುವುದರ ಹಿಂದೆ ನುಂಗಿಕೊಂಡ ಸಿಟ್ಟು, ಹೇಳಿಕೊಳ್ಳಲಾಗದ ಅಗತ್ಯ ಇರಬಹುದು ಎಂದರು. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ‘ಚೆಲ್ಲಬಾರದಲ್ಲ’ ಎಂದು ಅಡುಗೆಮನೆಯಲ್ಲಿ ನಿಂತೇ ತಿಂದು ಮುಗಿಸುವ ನಮ್ಮ ತಾಯಂದಿರನ್ನು ಕಂಡವರಿಗೆ ಆ ಮಾತು ದೂರದ್ದೆನಿಸುವುದಿಲ್ಲ.

ಧ್ಯಾನ ಈ ಕತೆಯೊಳಗೆ ಬಂದದ್ದು ಒಂದು ಒಣದ್ರಾಕ್ಷಿಯ ಜೊತೆ. ಜಾನ್ ಕಬಾಟ್-ಝಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಆರಂಭಿಸಿದ ಶಿಬಿರದಲ್ಲಿ, ವಾಸಿಯಾಗದ ನೋವಿನಿಂದ ಬಳಲುತ್ತಿದ್ದವರ ಕೈಗೆ ದ್ರಾಕ್ಷಿ ಕೊಟ್ಟು ಮೊದಲ ಸಲ ಕಂಡಂತೆ ನೋಡಿ ಎನ್ನುತ್ತಿದ್ದರು. ಬೆರಳಿಗೆ ತಾಗುವ ಸುಕ್ಕು, ಮೂಗಿಗೆ ತಂದಾಗ ಬಾಯಲ್ಲಿ ಒಸರುವ ನೀರು, ಹಲ್ಲಿಗೆ ಸಿಕ್ಕಿದ ಕ್ಷಣ ಹರಡುವ ಸಿಹಿ, ಗಂಟಲಿಳಿದ ಮೇಲೂ ಉಳಿಯುವ ಹುಳಿ. ಒಂದು ದ್ರಾಕ್ಷಿಗೆ ಹತ್ತು ನಿಮಿಷ. ಮುಷ್ಟಿಗಟ್ಟಲೆ ಬಾಯಿಗೆ ಹಾಕಿಕೊಂಡಾಗ ಎಂದೂ ಸಿಗದಿದ್ದ ರುಚಿ ಅಲ್ಲಿ ಸಿಗುತ್ತಿತ್ತು.

ಇದರ ಬೇರು ಬೌದ್ಧರದು, ಹಾಗಾಗಿ ನಮ್ಮ ನೆಲದ್ದು. ಬುದ್ಧನ ಉಪದೇಶಗಳ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ಕೋಸಲದ ರಾಜ ಪಸೇನದಿಯ ಪ್ರಸಂಗವಿದೆ. ದ್ರೋಣವೆಂಬ ದೊಡ್ಡ ಅಳತೆಯಷ್ಟು ಅನ್ನ ಉಂಡು ಏದುಸಿರು ಬಿಡುತ್ತ ಬಂದ ರಾಜನನ್ನು ಕಂಡು ಬುದ್ಧ, ಅಳತೆ ಅರಿತು ಉಣ್ಣುವುದರ ಬಗ್ಗೆ ಒಂದು ಗಾಥೆ ಹೇಳುತ್ತಾನೆ. ರಾಜನ ಬಳಿಯ ಸುದಸ್ಸನನೆಂಬ ಯುವಕ ದಿನವೂ ಊಟದ ಹೊತ್ತಿಗೆ ಅದನ್ನು ನೆನಪಿಸುತ್ತಾನೆ. ರಾಜನ ಊಟ ಮೆಲ್ಲಮೆಲ್ಲಗೆ ನಾಳಿಯೆಂಬ ಚಿಕ್ಕ ಅಳತೆಯ ಅನ್ನಕ್ಕೆ ಇಳಿಯುತ್ತದೆ. ಯಾರೂ ಗದರಲಿಲ್ಲ, ತಟ್ಟೆ ಕಸಿಯಲಿಲ್ಲ, ನೆನಪಿಸಿದರು, ಅಷ್ಟೆ. ಜೈನರು ಹಸಿವಿಗಿಂತ ತುಸು ಕಡಿಮೆ ಉಣ್ಣುವ ಊನೋದರವನ್ನು ತಪಸ್ಸೆಂದೇ ಎಣಿಸಿದರು. ಚರಕ ಸಂಹಿತೆಯ ವಿಮಾನಸ್ಥಾನವು ತೀರ ಬೇಗವೂ ಅಲ್ಲದೆ ತೀರ ನಿಧಾನವೂ ಅಲ್ಲದೆ, ಹರಟದೆ, ಊಟದಲ್ಲೇ ಮನಸ್ಸಿಟ್ಟು ಉಣ್ಣಲು ಹೇಳುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ನಮ್ಮ ಗಾದೆಯ ಹಿಂದೆಯೂ ಇದೇ ವಿವೇಕವಿದೆ. ಹಾಗೆಂದು ಎಲ್ಲವೂ ನಮ್ಮಲ್ಲಿತ್ತು ಎಂದು ಎದೆಯುಬ್ಬಿಸುವಂತಿಲ್ಲ. ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಲ್ಲೇ ಇನ್ನೊಂದು ಹೋಳಿಗೆ ತುರುಕುವ ಉಪಚಾರವೂ ನಮ್ಮದೇ.

ಹಸಿವಿನ ಅಧ್ಯಯನ ಮತ್ತು ಧ್ಯಾನ ಎಂಬ ಈ ಎರಡು ಎಳೆಗಳು 1990ರ ದಶಕದಲ್ಲಿ ಹೆಣೆದುಕೊಂಡವು. 1995ರಲ್ಲಿ ಪಥ್ಯ ತಜ್ಞೆಯರಾದ ಎವೆಲಿನ್ ಟ್ರಿಬೋಲಿ ಮತ್ತು ಎಲೀಸ್ ರೆಶ್ ‘ಇಂಟ್ಯುಟಿವ್ ಈಟಿಂಗ್’ ಪುಸ್ತಕ ತಂದರು. ಡಯಟ್ ಬಿಡಿ, ಹಸಿವನ್ನು ಗೌರವಿಸಿ, ಯಾವ ತಿನಿಸನ್ನೂ ಪಾಪವೆನ್ನಬೇಡಿ ಎಂಬ ಜಾಡಿನ ಹತ್ತು ಸೂತ್ರಗಳು ಅದರಲ್ಲಿದ್ದವು. 1999ರಲ್ಲಿ ಇಂಡಿಯಾನ ರಾಜ್ಯದ ಜೀನ್ ಕ್ರಿಸ್ಟೆಲ್ಲರ್, ಹಿಡಿತ ತಪ್ಪಿ ಗಬಗಬನೆ ತಿನ್ನುವ ತೊಂದರೆಯಿದ್ದ 18 ಮಹಿಳೆಯರಿಗೆ ಧ್ಯಾನ ಕಲಿಸಿದ ಫಲವನ್ನು ಪ್ರಕಟಿಸಿದರು. ವಾರಕ್ಕೆ ನಾಲ್ಕಕ್ಕೂ ಹೆಚ್ಚು ಸಲ ಬರುತ್ತಿದ್ದ ಆ ಪ್ರಸಂಗಗಳು ಸುಮಾರು ಒಂದೂವರೆಗೆ ಇಳಿದಿದ್ದವು. ಹೋಲಿಸಲು ಬೇರೆ ಗುಂಪಿಲ್ಲದ ಪುಟ್ಟ ಅಧ್ಯಯನ, ನಿಜ. ಆದರೆ 2014ರಲ್ಲಿ ಪ್ರಕಟವಾದ, 150 ಜನರ ಮೇಲೆ ನಡೆದ ದೊಡ್ಡ ಪ್ರಯೋಗವೂ ಅದೇ ದಿಕ್ಕನ್ನು ತೋರಿಸಿತು. ಬರ್ಮಿಂಗ್‌ಹ್ಯಾಮ್‌ನ ಸುಝೇನ್ ಹಿಗ್ಸ್ ನೆನಪಿನ ಪಾತ್ರವನ್ನು ಬಿಡಿಸಿ ತೋರಿಸಿದರು: ಮಧ್ಯಾಹ್ನ ಉಂಡದ್ದನ್ನು ನೆನೆದುಕೊಂಡವರು ಸಂಜೆಯ ಕುರುಕಲು ಕಡಿಮೆ ತಿಂದರು. ಟೀವಿ ನೋಡುತ್ತ ಉಂಡ ಊಟ ನೆನಪಿನಲ್ಲಿ ಸರಿಯಾಗಿ ಕೂರುವುದೇ ಇಲ್ಲ.

ಈ ಕ್ಷೇತ್ರ ಮುಖಭಂಗವನ್ನೂ ಅನುಭವಿಸಿದೆ. ತಾನಾಗಿ ತುಂಬಿಕೊಳ್ಳುವ ಸೂಪಿನ ಬಟ್ಟಲಿನ ಪ್ರಯೋಗದಿಂದ ಹೆಸರಾದ ಬ್ರಯಾನ್ ವಾನ್ಸಿಂಕ್ ಅವರ ಹಲವು ಲೇಖನಗಳು ರದ್ದಾದವು. 2018ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯವೇ ಅವರ ಸಂಶೋಧನೆಯಲ್ಲಿ ದುರ್ನಡತೆ ನಡೆದಿದೆ ಎಂದಿತು. ಚಿಕ್ಕ ತಟ್ಟೆಯಲ್ಲಿ ಉಂಡರೆ ತೂಕ ಇಳಿಯುತ್ತದೆ ಎಂಬಂಥ ಸಲಹೆಗಳನ್ನು ಅಂದಿನಿಂದ ಅನುಮಾನದಿಂದಲೇ ನೋಡಬೇಕಾಗಿದೆ.

ತೂಕದ ವಿಷಯದಲ್ಲಿ ಅರಿವಿನ ಊಟದ ಜಾಹೀರಾತೂ ನಿಲ್ಲುವುದಿಲ್ಲ. 2016ರಲ್ಲಿ ಪ್ರಕಟವಾದ 194 ಜನರ ಅಧ್ಯಯನದಲ್ಲಿ, ಪಥ್ಯ ಮತ್ತು ವ್ಯಾಯಾಮದ ಜೊತೆ ಧ್ಯಾನವನ್ನೂ ಸೇರಿಸಿದ ಗುಂಪು ಹದಿನೆಂಟು ತಿಂಗಳ ಕೊನೆಗೆ ತೂಕದಲ್ಲಿ ಖಚಿತವಾಗಿ ಮುಂದಿತ್ತು ಎನ್ನಲಾಗಲಿಲ್ಲ. ಸಿಗುವ ಲಾಭ ಬೇರೆ: ಊಟದ ಬಗೆಗಿನ ಭಯ, ನಾಚಿಕೆ, ಮುಗಿಬೀಳುವಿಕೆ ಕಡಿಮೆಯಾಗುತ್ತವೆ. ನನ್ನ ಮಟ್ಟಿಗೆ ಇದೇ ದೊಡ್ಡ ಲಾಭ. ಇದನ್ನು ಇನ್ನೊಂದು ಡಯಟ್ ಎಂದು ಮಾರುವವರು ಅದರ ಜೀವವನ್ನೇ ತೆಗೆಯುತ್ತಿದ್ದಾರೆ.

ಡೇವಿಸ್ ಅವರ ಪಟ್ಟಿಯ ಮಾತು ತಿರುಗಿ ಬಂದದ್ದು 2019ರಲ್ಲಿ. ಸಂಶೋಧಕ ಕೆವಿನ್ ಹಾಲ್ ಅವರ ತಂಡ 20 ಜನರನ್ನು ಅಮೆರಿಕದ ಬೆಥೆಸ್ಡಾದಲ್ಲಿ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟಿತು. ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯ ಎರಡರಲ್ಲೂ ಇತ್ತು. ಸಿದ್ಧ ಆಹಾರದ ದಿನಗಳಲ್ಲಿ ಅವರು ಇನ್ನೂ ಬೇಗ ಬೇಗ ತಿಂದರು, ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚೇ ತಿಂದರು. ಪೊಟ್ಟಣವನ್ನು ‘ಸಾಕು’ ಎನಿಸದಂತೆ ಮಾಡಿಟ್ಟು, ತಿನ್ನುವವರಿಗೆ ಮಾತ್ರ ಅರಿವಿನಿಂದ ತಿನ್ನಿ ಎಂದು ಬುದ್ಧಿ ಹೇಳುವುದು ಅನ್ಯಾಯ. ಹಸಿವಿನ ಮಾತು ಕೇಳಿ ಎನ್ನುವ ಉಪದೇಶವೂ ಅಡುಗೆಮನೆಯ ಡಬ್ಬಿಯಲ್ಲಿ ಅಕ್ಕಿಬೇಳೆ ಇರುವವರಿಗೆ ಮಾತ್ರ ಸಲ್ಲುತ್ತದೆ.

ತಿನ್ನುವುದರ ಮೇಲೆ ಹಿಡಿತ ತಪ್ಪಿ ಒಳಗೊಳಗೇ ನರಳುವವರು ಅದನ್ನು ಕಾಯಿಲೆಯೆಂದೇ ತಿಳಿದು ವೈದ್ಯರ ಬಳಿ ಹೋಗಬೇಕು; ಸಕ್ಕರೆ ಕಾಯಿಲೆ ಇರುವವರು ವೈದ್ಯರು ಹೇಳಿದ ಪಥ್ಯ ಬಿಡಬಾರದು. ಮನೆಯಲ್ಲಿ ಚಿಕ್ಕ ಮಕ್ಕಳಿರುವವರಲ್ಲಿ ಒಂದು ವಿನಂತಿ. ಮೊಬೈಲಿನಲ್ಲಿ ಕಾರ್ಟೂನ್ ತೋರಿಸಿ ಬಾಯಿಗೆ ತುತ್ತು ತುರುಕಬೇಡಿ. ಮನೆಯ ಅಡುಗೆ ಬಡಿಸಿ, ಎದುರು ಕೂತು ನೀವೂ ಉಣ್ಣಿ. ಮಗು ಮುಖ ತಿರುಗಿಸಿದರೆ ತಟ್ಟೆ ಎತ್ತಿಬಿಡಿ.