ಮೂವತ್ತೇಳಕ್ಕೆ ಒಂದು

ಲೆವೆಲ್ ಯಂತ್ರದ ಕೊಳವೆಗೆ ನಾನು ಮೊದಲ ಸಲ ಕಣ್ಣಿಟ್ಟಾಗ ಸ್ಟಾಫ್, ಅಂದರೆ ಅಳತೆಕೋಲು, ಹಿಡಿದು ನಿಂತಿದ್ದ ಗ್ಯಾಂಗ್‌ಮನ್ ತಲೆಕೆಳಗಾಗಿ ನೇತಾಡುತ್ತಿದ್ದ. ಹಳೇ ಯಂತ್ರ, ಅದರೊಳಗೆ ಲೋಕವೇ ಬುಡಮೇಲು. ಜಾಗ ಗೋವಾಕ್ಕೆ ಇಳಿಯುವ ಕ್ಯಾಸಲ್‌ರಾಕ್ ಘಾಟು. ಮೇಲಿನ ಗುರುತಿನಲ್ಲಿ 1.20 ಮೀಟರ್, ಅಲ್ಲಿಂದ 30 ಮೀಟರ್ ಕೆಳಗೆ 2.01. ಅಂಕಿ ಹೆಚ್ಚಿತಲ್ಲ, ಹಳಿ ಏರಿದೆ ಅಂತ ಬರೆದುಕೊಂಡೆ. ಸ್ಟಾಫಿನಲ್ಲಿ ಅಂಕಿ ಹೆಚ್ಚಿದರೆ ನೆಲ ತಗ್ಗು ಅನ್ನುವುದೇ ಮರೆತಿತ್ತು. ಮಿಸ್ತ್ರಿ ಇಣುಕಿ ನೋಡಿ, ‘ಗೋವಾಕ್ಕ ಏರಿ ಹೋಗೂದು ಯಾವಾಗ ಸುರು ಆತ್ರೀ ಸಾಹೇಬ್ರ?’ ಅಂದ.

ವ್ಯತ್ಯಾಸ 0.81. ಮೂವತ್ತನ್ನು ಅದರಿಂದ ಭಾಗಿಸಿದರೆ 37. ಪಕ್ಕದ ಗ್ರೇಡಿಯಂಟ್ ಕಂಬದ ಓರೆ ತೋಳಿನ ಮೇಲೂ ಅದೇ 37. ಶಾಲೆಯಲ್ಲಿ ಏರಿಕೆಯನ್ನು ದೂರದಿಂದ ಭಾಗಿಸುವುದು ಕಲಿಸಿದ್ದರು. ರೈಲಿನವರು ಅದನ್ನೇ ಬೋರಲು ಹಾಕಿ ‘37ಕ್ಕೆ 1’ ಅನ್ನುತ್ತಾರೆ. ಅಂಕಿ ದೊಡ್ಡದಾದಷ್ಟೂ ದಾರಿ ಸಲೀಸು.

ಈ ಹಳಿ 1888ರದ್ದು. ಅದಕ್ಕೂ 25 ವರ್ಷ ಹಿಂದೆ, 1863ರಲ್ಲಿ, ಮುಂಬೈ–ಪುಣೆ ದಾರಿಯ ಭೋರ್ ಘಾಟು ತೆರೆದಿತ್ತು. ಎಂಜಿನಿಯರ್ ಜೇಮ್ಸ್ ಬರ್ಕ್ಲಿ. ಬುಡ 196 ಅಡಿ, ತುದಿ 2,027 ಅಡಿ, ನಡುವೆ ಹದಿನಾರು ಮೈಲಿಗೆ ಸ್ವಲ್ಪ ಕಮ್ಮಿ. ಈ ಎರಡೇ ಬಿಂದು ಹಿಡಿದರೆ 46ಕ್ಕೆ 1ರ ಆಸುಪಾಸು. ಕಾಗದದ ಮೇಲೆ ಸುಖ! ಆದರೆ ಸರಾಸರಿಯ ಮೇಲೆ ಯಾವ ಎಂಜಿನ್ನೂ ಹತ್ತುವುದಿಲ್ಲ. ಮೈಲಿಗೂ ಹೆಚ್ಚು ದೂರ ಅಲ್ಲಿಯೂ 37ಕ್ಕೆ 1 ಇತ್ತು. ಎಷ್ಟು ಬೋಗಿ ಕಟ್ಟಬೇಕು ಅನ್ನುವುದು ತೀರ್ಮಾನವಾಗುತ್ತಿದ್ದದ್ದು ಅಂಥ ಕಡೆ. ಗುಡ್ಡ ಜಾಗವನ್ನೇ ಕೊಡದ ಕಡೆ ರೈಲು ಅಂಚಿಗೆ ಹೋಗಿ ನಿಂತು, ಎಂಜಿನ್ ಬಾಲದ ತುದಿಗೆ ಬಂದು, ಹಿಂದುಮುಂದಾಗಿ ಮತ್ತೆ ಹತ್ತುತ್ತಿತ್ತು.

ಅಲ್ಲಿ ಗುತ್ತಿಗೆ ಹಿಡಿದ ಸಾಲೊಮನ್ ಟ್ರೆಡ್ವೆಲ್ 1859ರಲ್ಲಿ ಹಡಗಿಳಿದ ಕೆಲವೇ ವಾರಗಳಲ್ಲಿ ಸತ್ತ. ಊರಿಗೆ ವಾಪಸಾಗಬಹುದಿದ್ದ ಹೆಂಡತಿ ಆಲಿಸ್, ಗುತ್ತಿಗೆಯನ್ನು ತಾನೇ ಹೊತ್ತು ಕೆಲಸ ಮುಗಿಸಿಕೊಟ್ಟಳು. 1861ರಲ್ಲಿ ಆ ಗುಡ್ಡದ ಮೇಲೆ ನಲವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳಿದ್ದರು. ಬರ್ಕ್ಲಿ ಉದ್ಘಾಟನೆ ನೋಡಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದ.

ನಮ್ಮ ಮಿಸ್ತ್ರಿ ಭಾಗಾಕಾರದ ಗೊಡವೆಗೇ ಹೋಗುತ್ತಿರಲಿಲ್ಲ. ಅವನ ಹತ್ತಿರ 37 ಇಂಚಿನ ಕೋಲಿತ್ತು, ಒಂದು ತುದಿಯ ಅಡಿಗೆ ಒಂದಿಂಚಿನ ಸಾಗವಾನಿ ಗುಬಟು. ಗುಬಟಿನ ತುದಿ ಇಳಿಜಾರಿನ ಕಡೆ ಬರುವಂತೆ ಹಳಿಯ ಮೇಲಿಟ್ಟು, ರಸಮಟ್ಟ ಹೊಂದಿಸಿ, ಗುಳ್ಳೆ ನಡುವೆ ನಿಲ್ಲುವ ತನಕ ಬೀಡಿ ಹಚ್ಚುತ್ತಿರಲಿಲ್ಲ.