ಮನೆಯ ವೈರಿಂಗ್ ಮತ್ತು ಸಹಿಯ ಹೊಣೆ

ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತು ಮೊದಲು ತಲುಪಿದ್ದು ಗಣಿಗೆ. ಮನೆಗೆ ಬಂದದ್ದು ಆಮೇಲೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುದಾಗಾರದಿಂದ ಹೊರಟ ತಂತಿಗಳು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಯನ್ನು ಮುಟ್ಟಿದವು. 1905ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ದೀಪ ಬೆಳಗಿತು. ಅಲ್ಲಿಂದ ಮುಂದೆ ಅನುಕೂಲಸ್ಥರ ಮನೆಗಳಿಗೂ, ದಶಕಗಳ ಬಳಿಕ ಹಳ್ಳಿಗಳಿಗೂ ಅದು ಹಬ್ಬಿತು. ಈ ಹಬ್ಬುವಿಕೆಯ ಜೊತೆಗೆ ವಿದ್ಯುತ್ ಕೆಲಸದ ಹೊಣೆಯ ಪ್ರಶ್ನೆಯೂ ಬೇರೆ ರೂಪ ತಾಳಿತು. ಗಣಿಯಲ್ಲಿ ತಂತಿ ಎಳೆದವನು ಕಂಪನಿಯ ನೌಕರ, ಅವನ ತಪ್ಪಿಗೆ ಉತ್ತರ ಕೊಡಲು ಮೇಲಿನವರಿದ್ದರು. ಮನೆಯಲ್ಲಿ ತಂತಿ ಎಳೆದವನಾದರೋ ಕೂಲಿ ಪಡೆದು ಹೊರಟುಹೋಗುವ ಸ್ವತಂತ್ರ ಕಸುಬುದಾರ. ಅವನ ಕೆಲಸಕ್ಕೆ ಯಾರು ಜವಾಬ್ದಾರರು ಎಂಬುದನ್ನು ಕಾನೂನು ಹೊಸದಾಗಿ ನಿರ್ಧರಿಸಬೇಕಾಯಿತು.

ವಿದ್ಯುದ್ದೀಪವು ಮನೆಗಳನ್ನು ಆಗಷ್ಟೇ ಪ್ರವೇಶಿಸುತ್ತಿದ್ದ ಬ್ರಿಟನ್ನಿನಲ್ಲಿ ವೈರಿಂಗಿಗೆ ನಿಯಮ ಬೇಕೆಂಬ ಯೋಚನೆ ಮೊದಲು ಹುಟ್ಟಿದ್ದು ಬೆಂಕಿಯ ಭಯದಿಂದ. 1882ರಲ್ಲಿ ಅಲ್ಲಿನ ತಾರು ಮತ್ತು ವಿದ್ಯುತ್ ಎಂಜಿನಿಯರುಗಳ ಸಂಘವು ವಿದ್ಯುದ್ದೀಪಗಳಿಂದಾಗುವ ಅಗ್ನಿ ಅನಾಹುತವನ್ನು ತಡೆಯಲು ಒಂದು ನಿಯಮಾವಳಿಯನ್ನು ಪ್ರಕಟಿಸಿತು. ವೃತ್ತಿಪರರೇ ತಮಗಾಗಿ ರೂಪಿಸಿಕೊಂಡ ಈ ನಿಯಮಗಳು ಪರಿಷ್ಕರಣೆಗೊಳ್ಳುತ್ತ ಇಂದಿಗೂ ಬಳಕೆಯಲ್ಲಿವೆ. ಆದರೆ ಅವು ಕೆಲಸ ಹೇಗಿರಬೇಕೆಂದು ಹೇಳಿದವೇ ಹೊರತು ಅದನ್ನು ಯಾರು ಮಾಡಬೇಕೆಂಬುದನ್ನು ಕಾನೂನಿನ ಬಲದಿಂದ ಗೊತ್ತುಪಡಿಸಲಿಲ್ಲ.

ಭಾರತ ಹಿಡಿದ ದಾರಿ ಬೇರೆ. 1910ರ ಭಾರತೀಯ ವಿದ್ಯುಚ್ಛಕ್ತಿ ಕಾಯಿದೆಯ ಅಡಿಯಲ್ಲಿ ಸ್ವಾತಂತ್ರ್ಯಾನಂತರ ರಚಿತವಾದ 1956ರ ನಿಯಮಗಳಲ್ಲಿ 45ನೆಯದು ಕೆಲಸಕ್ಕಿಂತ ಮೊದಲು ಕೆಲಸಗಾರನನ್ನೇ ಗುರುತಿಸಲು ಹೊರಟಿತು. ಅದರಂತೆ ಗ್ರಾಹಕರ ಆವರಣದಲ್ಲಿ ವಿದ್ಯುತ್ ಅಳವಡಿಕೆಗೆ ಮೂವರು ಬೇಕಿತ್ತು: ರಾಜ್ಯ ಸರ್ಕಾರದಿಂದ ಲೈಸೆನ್ಸ್ ಪಡೆದು ಕೆಲಸವನ್ನು ವಹಿಸಿಕೊಳ್ಳುವ ಗುತ್ತಿಗೆದಾರ, ಸಾಮರ್ಥ್ಯದ ಪ್ರಮಾಣಪತ್ರ ಹೊಂದಿ ಸ್ಥಳದಲ್ಲಿ ನಿಗಾ ವಹಿಸುವ ಮೇಲ್ವಿಚಾರಕ, ಮತ್ತು ಪರ್ಮಿಟ್ ಹೊಂದಿ ಸ್ವತಃ ತಂತಿ ಎಳೆಯುವ ಕೆಲಸಗಾರ, ಅಂದರೆ ಜನರ ಮಾತಿನ ವೈರ್‌ಮನ್. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಮೊದಲಾದವನ್ನು ಅಳವಡಿಕೆಯ ಸಾಮರ್ಥ್ಯ ಅಥವಾ ಸ್ವರೂಪ ಬದಲಾಗದಂತೆ ಬದಲಿಸುವುದಕ್ಕೆ ಮಾತ್ರ ಈ ಕಟ್ಟಳೆಯಿಂದ ವಿನಾಯಿತಿ ಇತ್ತು. ನಿಯಮ ಮೀರಿ ಮಾಡಿದ ಅಳವಡಿಕೆಗೆ ವಿದ್ಯುತ್ ಸಂಪರ್ಕ ಕೊಡುವಂತಿಲ್ಲ ಎಂಬ ಉಪನಿಯಮವೇ ಇದರ ನಿಜವಾದ ಹಿಡಿತವಾಗಿತ್ತು. ಪ್ರತಿ ಮನೆಗೂ ಇನ್ಸ್‌ಪೆಕ್ಟರನ್ನು ಕಳಿಸಲಾಗದ ಸರ್ಕಾರವು ಮೀಟರಿನ ಬಾಗಿಲಲ್ಲೇ ಕಾವಲು ಹಾಕಿತು.

ಕಾಗದದ ಮೇಲಿನ ಈ ಕಾವಲಿನ ಅಗತ್ಯ ಕಸುಬಿನ ತಂತ್ರ ಬದಲಾದಂತೆ ಹೆಚ್ಚುತ್ತ ಹೋಯಿತು. ತೋಡು ಕೊರೆದ ಮರದ ಪಟ್ಟಿಯೊಳಗೆ ತಂತಿಯಿಟ್ಟು ಮೇಲೆ ಮುಚ್ಚಳ ಹೊಡೆಯುವ ಕೇಸಿಂಗ್-ಕೇಪಿಂಗ್ ಪದ್ಧತಿಯಲ್ಲಿ ಮುಚ್ಚಳ ತೆಗೆದರೆ ದೋಷ ಸಿಗುತ್ತಿತ್ತು. ಗೋಡೆಯ ಮೇಲೆ ಬಡಿದ ಮರದ ಪಟ್ಟಿಗೆ ತಂತಿಯನ್ನು ಕ್ಲಿಪ್ಪಿನಿಂದ ಹಿಡಿಸುವ ಬ್ಯಾಟನ್ ವೈರಿಂಗಿನಲ್ಲಿ ಅದು ಕಣ್ಣಿಗೇ ಬೀಳುತ್ತಿತ್ತು. ಗೋಡೆ ಕೊರೆದು ಪೈಪು ಹುದುಗಿಸಿ ಗಾರೆ ಮೆತ್ತುವ ಕನ್ಸೀಲ್ಡ್ ವೈರಿಂಗ್ ರೂಢಿಗೆ ಬಂದ ಮೇಲೆ ಕಣ್ಣಿನ ಪರೀಕ್ಷೆ ಸಾಲದಾಗಿ, ಮೆಗ್ಗರ್ ಎಂಬ ಉಪಕರಣದ ಅಳತೆಯನ್ನೂ ಕೆಲಸ ಮುಗಿಸಿದವರ ವರದಿಯನ್ನೂ ನಂಬಬೇಕಾಯಿತು. ತಂತಿಯ ಹೊದಿಕೆ ವಿದ್ಯುತ್ತನ್ನು ಎಷ್ಟು ತಡೆಯುತ್ತದೆಂದು ಮೆಗ್ಗರ್ ತೋರಿಸುತ್ತದೆ; ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಬಂಧನೆಗಳ ಪ್ರಕಾರ ಮನೆಯ ಅಳವಡಿಕೆಗೆ 500 ವೋಲ್ಟ್ ನೇರ ವಿದ್ಯುತ್ತನ್ನು ಒಂದು ನಿಮಿಷ ಹಾಯಿಸಿದಾಗ ಆ ತಡೆ ಸಾಮಾನ್ಯವಾಗಿ 1 ಮೆಗಾಓಮ್‌ಗಿಂತ ಕಡಿಮೆ ಇರುವಂತಿರಲಿಲ್ಲ.

ಈ ವ್ಯವಸ್ಥೆಯ ಕಲ್ಪನೆಯಲ್ಲಿ ಇದ್ದದ್ದು ಗುತ್ತಿಗೆದಾರನ ಕೈಕೆಳಗೆ ದುಡಿಯುವ ವೈರ್‌ಮನ್. ಮನೆ ಮನೆಗೆ ಹೋಗಿ ಒಬ್ಬನೇ ದುಡಿಯುವವನಿಗೆ ಅದರಲ್ಲಿ ಪ್ರತ್ಯೇಕ ಹೆಸರಿರಲಿಲ್ಲ. 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯ ಮೂಲಕ ಐಟಿಐಗಳು ಎಲೆಕ್ಟ್ರಿಷಿಯನ್ ಮತ್ತು ವೈರ್‌ಮನ್ ವೃತ್ತಿಗಳಲ್ಲಿ ಯುವಕರನ್ನು ಸಜ್ಜುಗೊಳಿಸಿದರೂ, ತರಬೇತಿಯ ಪ್ರಮಾಣಪತ್ರವಾಗಲಿ ಬರಿಯ ಪರ್ಮಿಟ್ಟಾಗಲಿ ಸ್ವಂತ ಹೆಸರಿನಲ್ಲಿ ಕೆಲಸ ವಹಿಸಿಕೊಳ್ಳುವ ಅಧಿಕಾರವನ್ನು ಕೊಡಲಿಲ್ಲ. ಹೀಗಾಗಿ ಕೆಲಸ ಒಬ್ಬನದಾದರೂ ಅದಕ್ಕೆ ಕಾನೂನಿನ ಮಾನ್ಯತೆ ಬರಲು ಮತ್ತೊಬ್ಬನ ಲೈಸೆನ್ಸ್ ಬೇಕಾಯಿತು.

ಬ್ರಿಟನ್ನು ಈ ಪ್ರಶ್ನೆಯನ್ನು ತಡವಾಗಿ, ಇನ್ನೊಂದು ತುದಿಯಿಂದ ಎತ್ತಿಕೊಂಡಿತು. 2005ರ ಜನವರಿ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಟ್ಟಡ ನಿಯಮಗಳ 'ಪಿ' ಭಾಗ ಜಾರಿಗೆ ಬಂದಾಗ, ಅನುಮೋದಿತ ಸಂಸ್ಥೆಯೊಂದರಲ್ಲಿ ನೋಂದಾಯಿಸಿಕೊಂಡ ಎಲೆಕ್ಟ್ರಿಷಿಯನ್, ಆತ ಒಬ್ಬನೇ ದುಡಿಯುವವನಾದರೂ, ಮನೆಯಲ್ಲಿ ಮಾಡಿದ ಕೆಲಸ ನಿಯಮಬದ್ಧವಾಗಿದೆಯೆಂದು ತಾನೇ ದೃಢೀಕರಿಸಬಹುದಾಯಿತು. ನೋಂದಣಿಯಿಲ್ಲದವನು ಸ್ಥಳೀಯ ಆಡಳಿತಕ್ಕೆ ಮುಂಚಿತವಾಗಿ ತಿಳಿಸಬೇಕಿತ್ತು. 2013ರಲ್ಲಿ ಇಂಗ್ಲೆಂಡ್ ಹೀಗೆ ತಿಳಿಸಬೇಕಾದ ಕೆಲಸಗಳ ಪಟ್ಟಿಯನ್ನು ಮೊಟಕುಗೊಳಿಸಿತಾದರೂ ಹೊಸ ಸರ್ಕ್ಯೂಟ್ ಎಳೆಯುವುದು, ಫ್ಯೂಸ್ ಪೆಟ್ಟಿಗೆ ಬದಲಿಸುವುದು ಅದರಲ್ಲೇ ಉಳಿದವು.

ಭಾರತದಲ್ಲಿ 2003ರ ವಿದ್ಯುಚ್ಛಕ್ತಿ ಕಾಯಿದೆ ಹಳೆಯ ಕಾಯಿದೆಯ ಜಾಗಕ್ಕೆ ಬಂದ ಮೇಲೂ, 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು ಹೊರಡಿಸಿದ ಸುರಕ್ಷತಾ ನಿಬಂಧನೆಗಳು ಗುತ್ತಿಗೆದಾರ, ಮೇಲ್ವಿಚಾರಕ, ಕೆಲಸಗಾರ ಎಂಬ ಅದೇ ಮೂರು ಮೆಟ್ಟಿಲುಗಳನ್ನು ಉಳಿಸಿಕೊಂಡವು. ಎರಡೂ ದೇಶಗಳು ಬೇಡಿದ್ದು ತಂತಿಯ ಹಿಂದೆ ಉತ್ತರ ಹೇಳಬಲ್ಲ ಒಂದು ಹೆಸರನ್ನೇ. ಆ ಹೆಸರು ತಂತಿ ಎಳೆದವನದೇ ಆಗಿರಬಹುದೆಂದು ಒಂದು ಒಪ್ಪಿತು, ಅದು ಅವನನ್ನು ಕೆಲಸಕ್ಕೆ ಹಚ್ಚಿದವನದಾಗಿರಬೇಕೆಂದು ಇನ್ನೊಂದು ವಿಧಿಸಿತು.